ಬಿಲ್ಲಿನ ಮೇಲಿನ ಹೆಸರು

ಜಯನಗರದ ಹಳೆಯ ಬ್ಲಾಕುಗಳಲ್ಲಿ ಎಷ್ಟೋ ಮನೆಗಳಿಗೆ ಕರೆಂಟ್ ಬಿಲ್ಲು ಇವತ್ತಿಗೂ ತೀರಿಕೊಂಡವರ ಹೆಸರಿಗೇ ಬರುತ್ತದೆ. ಸೈಟು ಕೊಂಡು ಮನೆ ಕಟ್ಟಿಸಿದ ಅಜ್ಜನ ಹೆಸರಿಗೆ ಮೀಟರು ಕೂತಿತು. ಮಗ ಕೌಂಟರಿನಲ್ಲಿ ಸಾಲುಗಟ್ಟಿ ನಿಂತು ದುಡ್ಡು ಕಟ್ಟಿದ, ಮೊಮ್ಮಗಳು ಫೋನಿನಲ್ಲಿ ಕಟ್ಟುತ್ತಾಳೆ. ಹೆಸರು ಮಾತ್ರ ಅಜ್ಜನದೇ. ವಿದ್ಯುತ್ ಕಂಪನಿಯ ಗ್ರಾಹಕ ವ್ಯವಸ್ಥೆ ಬೆಳೆದು ಬಂದ ದಾರಿಯನ್ನು ನೋಡುತ್ತ ಹೋದರೆ, ಯಂತ್ರ ಬದಲಿಸುವುದಕ್ಕಿಂತ ಈ ಹೆಸರನ್ನು ಸರಿಪಡಿಸುವುದೇ ಕಷ್ಟದ ಕೆಲಸ ಎಂದು ನನಗೆ ಮತ್ತೆ ಮತ್ತೆ ಅನಿಸಿದೆ.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗೆ ಬಂತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. 1957ರಲ್ಲಿ ಮೈಸೂರು ರಾಜ್ಯ ವಿದ್ಯುತ್ ಮಂಡಳಿ ಹುಟ್ಟಿ, ರಾಜ್ಯದ ಹೆಸರು ಬದಲಾದಾಗ ಕೆಇಬಿ ಆಯಿತು. ಆ ಹೆಸರು ಕಾಗದದಿಂದ ಅಳಿಸಿಹೋಗಿ ಕಾಲು ಶತಮಾನವಾದರೂ ಬನಶಂಕರಿಯಲ್ಲಿ ಕರೆಂಟು ಹೋದರೆ ಹಿರಿಯರು ಫೋನು ಮಾಡುವುದು 'ಕೆಇಬಿಯವರಿಗೆ'. ಆ ಕಾಲದ ಗ್ರಾಹಕ ವ್ಯವಸ್ಥೆ ಎಂದರೆ ದಪ್ಪ ಲೆಡ್ಜರು. ಅದರಲ್ಲಿ ಪ್ರತಿ ಸಂಪರ್ಕಕ್ಕೂ ಒಂದು ಗುರುತು: ಆರ್.ಆರ್. ನಂಬರು. ರೆವಿನ್ಯೂ ರಿಜಿಸ್ಟರ್ ಎಂಬುದರ ಮೊದಲಕ್ಷರಗಳು ಅವು. ಕಂದಾಯದ ಪುಸ್ತಕದಲ್ಲಿ ಈ ಮನೆಯ ಲೆಕ್ಕ ಎಲ್ಲಿದೆ ಎಂದು ತೋರಿಸುವ ನಂಬರು. ಗಮನಿಸಬೇಕಾದ್ದು ಇಷ್ಟೇ: ಆ ನಂಬರು ಮನುಷ್ಯನದಲ್ಲ, ಮೀಟರು ಬೋರ್ಡಿನದು. ಮನೆ ಕೈ ಬದಲಾದರೂ ಬಾಕಿ ಆ ನಂಬರಿಗೇ ಅಂಟಿಕೊಂಡಿರುತ್ತದೆ. ಮನೆ ಕೊಳ್ಳುವವರು ಹಳೆಯ ಬಿಲ್ಲು ತೋರಿಸಿ ಎಂದು ಕೇಳುವುದು ಅದಕ್ಕೇ.

ಇದೇ ಹೊತ್ತಿಗೆ ಅಮೆರಿಕದ ವಿದ್ಯುತ್ ಕಂಪನಿಗಳು ಲೆಡ್ಜರನ್ನು ಮೇನ್‌ಫ್ರೇಮಿಗೆ ಏರಿಸಿದ್ದವು. 1959ರಲ್ಲಿ ರೂಪುಗೊಂಡ ಕೋಬಾಲ್ ಭಾಷೆ, 1964ರ ಐಬಿಎಂ ಸಿಸ್ಟಮ್/360. ಹಗಲಿಡೀ ಸೇರಿದ ರೀಡಿಂಗುಗಳನ್ನು ರಾತ್ರಿ ಒಂದೇ ಕಂತಿನಲ್ಲಿ ಅರೆದು ಬೆಳಗಿನ ಹೊತ್ತಿಗೆ ಬಿಲ್ಲುಗಳನ್ನು ಅಚ್ಚು ಹಾಕುವ ಪದ್ಧತಿ. ಆ ಪ್ರೋಗ್ರಾಮುಗಳು ಬರೆದವರು ನಿವೃತ್ತರಾದ ಮೇಲೂ ಓಡುತ್ತಲೇ ಇದ್ದವು. ಅವುಗಳ ಆರೈಕೆಗೆ ನಿಂತವರಲ್ಲಿ ದಕ್ಷಿಣ ಬೆಂಗಳೂರಿನ ಮಕ್ಕಳು ಬಹಳ. 1983ರಲ್ಲಿ ಇನ್ಫೋಸಿಸ್ ಪುಣೆಯಿಂದ ಇಲ್ಲಿಗೆ ಬಂದದ್ದು ಆಡುಗೋಡಿಯ ಮೈಕೋ ಕಾರ್ಖಾನೆಯ ಕೆಲಸದ ಬೆನ್ನು ಹಿಡಿದು. 2000ನೇ ಇಸವಿಯ ದಿನಾಂಕದ ತೊಡಕು ಎದುರಾದಾಗ ಕೋಬಾಲ್ ಕಲಿತವರಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಬಿಟಿಎಂ ಲೇಔಟಿನ ತರಬೇತಿ ಕೇಂದ್ರಗಳ ಬೋರ್ಡುಗಳಲ್ಲಿ ಮೇನ್‌ಫ್ರೇಮ್ ಎಂಬ ಪದ ಮುಂದೆಯೂ ಬಹುಕಾಲ ಉಳಿಯಿತು. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುವುದು ಎಷ್ಟು ಅಪಾಯದ ಕೆಲಸ ಎಂಬುದಕ್ಕೆ ಲಾಸ್ ಏಂಜಲೀಸ್ ಸಾಕ್ಷಿ. ಅಲ್ಲಿನ ನೀರು-ವಿದ್ಯುತ್ ಇಲಾಖೆ 2013ರ ಸೆಪ್ಟೆಂಬರಿನಲ್ಲಿ ಹೊಸ ಬಿಲ್ಲಿಂಗ್ ವ್ಯವಸ್ಥೆಗೆ ಬದಲಾದಾಗ ರಾಶಿ ರಾಶಿ ತಪ್ಪು ಬಿಲ್ಲುಗಳು ಹೊರಟು, ವಿಷಯ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಎಳೆದಾಡಿತು.

ನಮ್ಮಲ್ಲಿ ಬದಲಾವಣೆ ಬಂದದ್ದು ಆಡಳಿತದ ದಾರಿಯಿಂದ. 1999ರಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಬಂತು. 2002ರ ಜೂನಿನಲ್ಲಿ ವಿತರಣೆ ಬೇರೆಯಾಗಿ ಬೆಸ್ಕಾಂ ಹುಟ್ಟಿತು. ವಿದ್ಯುತ್ ಕ್ಷೇತ್ರಕ್ಕೆ ಮಾಹಿತಿ ತಂತ್ರಜ್ಞಾನ ಹೇಗೆ ಬರಬೇಕು ಎಂದು ಹೇಳಲು ಕೇಂದ್ರ ಸರ್ಕಾರ ಅದೇ ವರ್ಷ ನೇಮಿಸಿದ ಕಾರ್ಯಪಡೆಯ ಮುಖ್ಯಸ್ಥರು ನಮ್ಮೂರಿನ ನಂದನ್ ನಿಲೇಕಣಿ. 2005ರಲ್ಲಿ ಬೆಂಗಳೂರು ಒನ್ ಕೇಂದ್ರಗಳು ತೆರೆದು ಕೌಂಟರಿನ ಸಾಲು ಕರಗತೊಡಗಿತು. ನಿಜವಾದ ಬುಡದ ಕೆಲಸ ಶುರುವಾದದ್ದು ವಿದ್ಯುತ್ ವಿತರಣೆ ಸುಧಾರಿಸಲೆಂದು 2008ರಲ್ಲಿ ಮಂಜೂರಾದ ಆರ್-ಎಪಿಡಿಆರ್‌ಪಿ ಯೋಜನೆಯಿಂದ. ಅದರ ಮೊದಲ ಭಾಗಕ್ಕೆ ಕೇಂದ್ರ ಪೂರ್ತಿ ಸಾಲ ಕೊಟ್ಟಿತು. ಕೆಲಸ ಮುಗಿಸಿದರೆ ಸಾಲವೇ ಅನುದಾನ.

ಆ ಯೋಜನೆಯಲ್ಲಿ ಸರ್ವರುಗಳಿಗಿಂತ ನನಗೆ ದೊಡ್ಡದಾಗಿ ಕಾಣುವುದು ಗ್ರಾಹಕರನ್ನು ಜಾಲದೊಂದಿಗೆ ಜೋಡಿಸಿದ ಕೆಲಸ. ಈ ಮೀಟರಿಗೆ ಯಾವ ಕಂಬದಿಂದ ವೈರು ಬಂದಿದೆ, ಆ ಕಂಬ ಯಾವ ಟ್ರಾನ್ಸ್‌ಫಾರ್ಮರಿಗೆ, ಅದು ಯಾವ ಫೀಡರಿಗೆ ಎಂದು ಬೀದಿ ಬೀದಿ ಅಲೆದು ನಕ್ಷೆಗೆ ಏರಿಸಬೇಕಿತ್ತು. ಅಲ್ಲಿಯವರೆಗೆ ಈ ಜ್ಞಾನವೆಲ್ಲ ಲೈನ್‌ಮನ್‌ಗಳ ತಲೆಯಲ್ಲಿತ್ತು. ಟ್ರಾನ್ಸ್‌ಫಾರ್ಮರಿಗೆ ಹೋದ ಯೂನಿಟ್ಟು, ಅದರಡಿಯ ಬಿಲ್ಲುಗಳ ಯೂನಿಟ್ಟು ಎರಡನ್ನೂ ಪಕ್ಕಪಕ್ಕ ಇಟ್ಟರೆ ಸೋರಿಕೆ ಎಲ್ಲಿ ಎಂದು ತಿಳಿಯುತ್ತದೆ. ನಗರದ ಬಿಲ್ಲಿನ ಮೇಲೆ ಹತ್ತಂಕಿಯ ಅಕೌಂಟ್ ಐಡಿ ಬಂದದ್ದೂ ಈ ಹಾದಿಯಲ್ಲೇ. ಆರ್.ಆರ್. ನಂಬರು ಮಾತ್ರ ಹೋಗಲಿಲ್ಲ.

ನಿಜವಾದ ಪರೀಕ್ಷೆ 2023ರಲ್ಲಿ ಬಂತು, ಅದೂ ಒಂದರ ಮೇಲೊಂದು. ಮೇ 12ರ ದರ ಆದೇಶ ಹಲವು ಸ್ಲ್ಯಾಬುಗಳನ್ನು ಎರಡಕ್ಕಿಳಿಸಿತು: 100 ಯೂನಿಟ್ಟಿನವರೆಗೆ 4.75 ರೂಪಾಯಿ, ಅದನ್ನು ದಾಟಿದರೆ ಪ್ರತಿ ಯೂನಿಟ್ಟಿಗೂ 7 ರೂಪಾಯಿ. 100 ಯೂನಿಟ್ಟಿಗೆ 475, 101ಕ್ಕೆ 707! ಆದೇಶ ಏಪ್ರಿಲ್‌ನಿಂದಲೇ ಪೂರ್ವಾನ್ವಯ. ಹಿಂಬಾಕಿಯೂ ಜೂನ್ ಬಿಲ್ಲಿಗೆ ಸೇರಿತು. ಜುಲೈ 1ರಿಂದ ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ. ಆಗಿನ ಲೆಕ್ಕ: 2022-23ರ ಸರಾಸರಿಗೆ ಶೇ 10 ಸೇರಿಸಿ, ಒಟ್ಟು 200 ಯೂನಿಟ್ಟಿನ ಒಳಗೆ ಉಚಿತ. ಬಳಕೆಯ ಚರಿತ್ರೆಯೇ ಇಲ್ಲದ ಹೊಸ ಸಂಪರ್ಕಕ್ಕೆ ರಾಜ್ಯದ ಸರಾಸರಿ 53 ಯೂನಿಟ್ ಆಧಾರ.

ಮೀಟರಿನ ಚರಿತ್ರೆಯೂ ಮನುಷ್ಯನ ಗುರುತೂ ಮುಖಾಮುಖಿಯಾದದ್ದು ಇಲ್ಲಿ. ಬಿಟಿಎಂ ಲೇಔಟಿನ ನಾಲ್ಕು ಮಹಡಿಯ ಕಟ್ಟಡದಲ್ಲಿ ಬಾಡಿಗೆದಾರರು ಹನ್ನೊಂದು ತಿಂಗಳಿಗೊಮ್ಮೆ ಬದಲಾಗುತ್ತಾರೆ. ಒಬ್ಬ ಹುಡುಗ ಗೃಹಜ್ಯೋತಿಗೆಂದು ತನ್ನ ಆಧಾರನ್ನು ಮೀಟರಿಗೆ ಜೋಡಿಸಿ ಜೆ.ಪಿ. ನಗರಕ್ಕೆ ಹೊರಟುಹೋದರೆ, ಹಳೆಯ ಮನೆಗೆ ಬಂದವರಿಗೂ ತೊಡಕು, ಹೋದವನಿಗೂ ತೊಡಕು. ಜೋಡಣೆ ಬಿಚ್ಚುವ ಸೌಲಭ್ಯ ಬರಲು 2024ರವರೆಗೆ ಕಾಯಬೇಕಾಯಿತು. ಅದನ್ನು ಮೊದಲ ದಿನವೇ ಕೊಡಬೇಕಿತ್ತು. ಬಾಡಿಗೆಯ ಊರಿಗೆ ವ್ಯವಸ್ಥೆ ಕಟ್ಟುವವರು ಬಾಡಿಗೆದಾರನಿಂದಲೇ ಯೋಚನೆ ಆರಂಭಿಸಬೇಕು.

2024ರ ಮಾರ್ಚಿನಲ್ಲಿ ತಂತ್ರಾಂಶ ಮೇಲ್ದರ್ಜೆಗೇರಿಸಲೆಂದು ಬೆಸ್ಕಾಂನ ಆನ್‌ಲೈನ್ ಸೇವೆ ಹಲವು ದಿನ ನಿಂತಿತು. 2025ರಲ್ಲಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರು ಕಡ್ಡಾಯವಾಗತೊಡಗಿತು. ಅದರ ಬೆಲೆಯ ಜಗಳ ವಿಧಾನಸಭೆಗೂ ಹೈಕೋರ್ಟಿಗೂ ಹೋಯಿತು. ಈ ಮೀಟರು ತಾನೇ ರೀಡಿಂಗ್ ಕಳಿಸುತ್ತದೆ. ತಿಂಗಳಿಗೊಮ್ಮೆ ಗೇಟು ತಟ್ಟಿ, ಕೈಯಂತ್ರದಿಂದ ಬಿಲ್ಲು ಹರಿದು ಕೊಡುವ ಮೀಟರ್ ರೀಡರ್ ತರುತ್ತಿದ್ದದ್ದು ಅಂಕಿ ಮಾತ್ರವಲ್ಲ. ಬಾಗಿಲು ಹಾಕಿದೆ, ಬೋರ್ಡು ಸುಟ್ಟಿದೆ, ಮೇಲೆ ಇನ್ನೊಂದು ಮಹಡಿ ಎದ್ದಿದೆ, ಅಜ್ಜ ಹೋಗಿಬಿಟ್ಟರಂತೆ: ಇದೆಲ್ಲ ಅವನ ಕಣ್ಣಿಗೆ ಬೀಳುತ್ತಿತ್ತು. ಹೊಸ ವ್ಯವಸ್ಥೆಯಲ್ಲಿ ಇದನ್ನು ಬರೆದುಕೊಳ್ಳುವ ಕಾಲಂ ಯಾವುದು ಎಂದು ಬೆಸ್ಕಾಂನವರನ್ನು ಈಗಲೇ ಕೇಳಬೇಕು, ರೀಡರ್ ಇನ್ನೂ ಬರುತ್ತಿರುವಾಗಲೇ.