ಕ್ರಿಸ್ತರಾಜರ ಹಬ್ಬಕ್ಕೆ ನಮ್ಮ ಸೀಮೆಯ ರಾಜರ ಕಥೆ



ಕ್ರಿಸ್ತರಾಜರ ಮಹೋತ್ಸವದಂದು ಓದುವ ಶುಭಸಂದೇಶಗಳಲ್ಲಿ ಪಿಲಾತನ ವಿಚಾರಣೆಯೂ ಒಂದು. ರಾಜ್ಯಪಾಲನು ಯೇಸುಸ್ವಾಮಿಯನ್ನು ಎದುರಿಗೆ ನಿಲ್ಲಿಸಿಕೊಂಡು ಅವರ ಅರಸುತನದ ಬಗ್ಗೆ ಕೇಳುತ್ತಾನೆ. ಸಂತ ಲೂಕರು ಇನ್ನೊಂದು ಸಂಗತಿಯನ್ನು ಹೇಳುತ್ತಾರೆ: ಆರೋಪಿಯು ಗಲಿಲೇಯದವನೆಂದು ತಿಳಿದೊಡನೆ ಪಿಲಾತನು ಅವರನ್ನು ಹೆರೋದನ ಬಳಿಗೆ ಕಳುಹಿಸಿಬಿಡುತ್ತಾನೆ. ಒಂದೇ ನಾಡು, ಒಂದೇ ಜನ. ಹಾಗಾದರೆ ಇಬ್ಬರು ಒಡೆಯರೇಕೆ? ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಕೇಳುವ ಪ್ರಶ್ನೆ ಇದು. ಉತ್ತರ ಹುಡುಕಿಕೊಂಡು ರೋಮಿನವರೆಗೆ ಹೋಗಬೇಕಿಲ್ಲ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳಗಳ ಕಥೆ ಗೊತ್ತಿದ್ದರೆ ಸಾಕು.

ಜಮಖಂಡಿ ಸಂಸ್ಥಾನವನ್ನು 1811ರಲ್ಲಿ ಕಟ್ಟಿದವರು ಪಟವರ್ಧನ ಮನೆತನದ ಗೋಪಾಲರಾಯರು. ಮುಧೋಳದಲ್ಲಿ ಘೋರ್ಪಡೆಯವರು ಆದಿಲಶಾಹಿ ಕಾಲದಿಂದಲೂ ಇದ್ದರು. 1818ರಲ್ಲಿ ಪೇಶ್ವೆಗಳು ಬಿದ್ದ ಮೇಲೆ ಈ ಎರಡೂ ಮನೆತನಗಳು ಕಂಪನಿ ಸರಕಾರದ ಆಶ್ರಯಕ್ಕೆ ಬಂದವು. ಗಾದಿ ಉಳಿಯಿತು, ಕಡಿವಾಣ ಇನ್ನೊಬ್ಬರ ಕೈಗೆ ಹೋಯಿತು. 1901ರ ಜನಗಣತಿಯ ಹೊತ್ತಿಗೆ ಜಮಖಂಡಿಯ ಪ್ರಜೆಗಳು ಸುಮಾರು 1 ಲಕ್ಷ 5 ಸಾವಿರ, ಮುಧೋಳದವರು 63 ಸಾವಿರ. ಬೀಳಗಿಗೆ ಮಾತ್ರ ಸಂಸ್ಥಾನದ ರಾಜನಿರಲಿಲ್ಲ. ಅದು ನೇರವಾಗಿ ಬ್ರಿಟಿಷರ ಆಡಳಿತದಲ್ಲಿತ್ತು.

ಗಡಿಗಳಂತೂ ಹರಿದ ಕೌದಿಯ ಹಾಗೆ. ರಬಕವಿ ಮತ್ತು ಬನಹಟ್ಟಿ ಇಂದು ಒಂದೇ ಊರಿನಂತಿವೆ; ಆಗ ರಬಕವಿ ಸಾಂಗಲಿಗೆ ಸೇರಿತ್ತು, ಬನಹಟ್ಟಿ ಜಮಖಂಡಿಗೆ. ನೇಕಾರನೊಬ್ಬ ಪಕ್ಕದ ಓಣಿಯ ನೆಂಟರ ಮನೆಗೆಂದು ಹೊರಟರೂ ಸಂಸ್ಥಾನ ದಾಟಿದಂತೆಯೇ. ಹುಬ್ಬಳ್ಳಿಯ ಆಚೆಗಿರುವ ಕುಂದಗೋಳವೂ ಜಮಖಂಡಿಯದೇ. ಬೆಳಗಾವಿಗೆ ಅಂಟಿಕೊಂಡ ಶಹಾಪುರ ಸಾಂಗಲಿಯದು. ದಫ್ತರದ ಕಾಗದ ಮರಾಠಿಯ ಮೋಡಿ ಲಿಪಿಯಲ್ಲಿ, ಸಾಹೇಬರಿಗೆ ಬರೆಯುವುದು ಇಂಗ್ಲಿಷಿನಲ್ಲಿ, ಹೊಲದಲ್ಲಿ ಆಡುವ ಮಾತು ಕನ್ನಡದಲ್ಲಿ. ಶಿಲುಬೆಯ ಮೇಲಿನ ಫಲಕವನ್ನು ಮೂರು ಭಾಷೆಗಳಲ್ಲಿ ಬರೆಯಲಾಗಿತ್ತೆಂದು ಸಂತ ಯೊವಾನ್ನರು ಹೇಳುವಾಗ ನನಗೆ ಈ ದಫ್ತರವೇ ನೆನಪಾಗುತ್ತದೆ.

ಈಗ ಪವಿತ್ರ ನಾಡಿಗೆ ಬನ್ನಿ. ಜುದೇಯವನ್ನು ರೋಮಿನವರು ಕ್ರಿ.ಶ. 6ರಿಂದ ತಮ್ಮ ಅಧಿಕಾರಿಗಳ ಮೂಲಕ ನೇರವಾಗಿ ಆಳಿದರು. ಅದು ಬೀಳಗಿಯ ಹಾಗೆ. ಗಲಿಲೇಯವನ್ನು ಹೆರೋದ ಅಂತಿಪನಿಗೆ ಬಿಟ್ಟಿದ್ದರು. ಅದು ಮುಧೋಳದ ಹಾಗೆ. ಅವನಿಗೆ 'ರಾಜ' ಎಂಬ ಬಿರುದನ್ನು ರೋಮ್ ಕೊಟ್ಟಿರಲಿಲ್ಲ. ಅದನ್ನು ಬೇಡಲು ಚಕ್ರವರ್ತಿಯ ಬಳಿ ಹೋದವನು ಕ್ರಿ.ಶ. 39ರಲ್ಲಿ ಇದ್ದ ಸೀಮೆಯನ್ನೂ ಕಳೆದುಕೊಂಡು ಗಡೀಪಾರಾದ. ನಮ್ಮ ಸಂಸ್ಥಾನಿಕರಿಗೂ ಬಿರುದು, ತೋಪುಗಳ ಲೆಕ್ಕ ದೊಡ್ಡದೇ. ಮುಧೋಳದ ದೊರೆಗೆ 9 ತೋಪುಗಳ ಗೌರವವಿತ್ತು.

ಆದರೆ ತೋಪುಗಳ ಸದ್ದು ಪ್ರಜೆಗಳನ್ನು ಕಾಯಲಿಲ್ಲ. 1857ರಲ್ಲಿ ಕಂಪನಿ ಸರಕಾರ ಆಯುಧಗಳನ್ನು ಒಪ್ಪಿಸಬೇಕೆಂದು ಕಾಯ್ದೆ ಮಾಡಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧವೆಂದರೆ ಅನ್ನವೂ ಹೌದು, ಮಾನವೂ ಹೌದು. ಅವರು ಕೊಡಲೊಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ಕಂಪನಿಯ ದಂಡು ಬಂದು ಊರನ್ನು ಮುತ್ತಿತು, ಬೆಂಕಿಯಿಟ್ಟಿತು. ಸೆರೆ ಸಿಕ್ಕವರಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು: ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿ, 14ರಂದು ಹಲಗಲಿಯಲ್ಲೇ ಉಳಿದ 6 ಮಂದಿ. ತನ್ನ ಊರಿನಲ್ಲಿ, ತನ್ನ ಪ್ರಜೆಗಳಿಗೆ ನೇಣು ಬಿಗಿಯುವಾಗ ತಡೆಯುವ ಬಲ ಸಂಸ್ಥಾನಕ್ಕಿರಲಿಲ್ಲ. ಅಷ್ಟೇ ಅಲ್ಲ, ಗಾದಿ ಉಳಿಯಬೇಕಾದರೆ ಸಾಹೇಬರ ಮೈತ್ರಿಯೂ ಉಳಿಯಬೇಕಿತ್ತು. ಪಿಲಾತ ಹೆರೋದರ ಹಗೆ ತೀರಿ ಸ್ನೇಹ ಕುದುರಿದ್ದು ಯಾವ ದಿನ ಎಂಬುದನ್ನು ಲೂಕರ 23ನೇ ಅಧ್ಯಾಯದಲ್ಲಿ ನೀವೇ ಓದಿ ನೋಡಿ. ಹಲಗಲಿಯವರ ಕಥೆಯನ್ನು ಉಳಿಸಿದ್ದು ಲಾವಣಿಕಾರರು. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ ಎಂಬುದು ಇತಿಹಾಸದ ವಿಚಿತ್ರ.

ಈ ದೊರೆಗಳನ್ನೆಲ್ಲ ದುಷ್ಟರೆಂದರೆ ಅನ್ಯಾಯವಾದೀತು. ಜಮಖಂಡಿಯ ಪರಶುರಾಮಭಾವು ಹೈಸ್ಕೂಲಿನಲ್ಲಿ ಓದಿದ ಹುಡುಗನೇ ಮುಂದೆ ಗುರುದೇವ ರಾನಡೆ ಎನಿಸಿಕೊಂಡ ತತ್ವಜ್ಞಾನಿ. ಮುಧೋಳದ ಮಾಲೋಜಿರಾವ್ ಘೋರ್ಪಡೆಯವರು ಬೇಟೆನಾಯಿಗಳ ತಳಿಯನ್ನು ಸಾಕಿ ಬೆಳೆಸಿ, ಜೋಡಿಯೊಂದನ್ನು ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟರು. 2005ರಲ್ಲಿ ಆ ನಾಯಿ ಅಂಚೆಚೀಟಿಯನ್ನೂ ಏರಿತು! ಹಲಗಲಿಯ ಹೆಸರಿಗಿಂತ ನಾಯಿಯ ಹೆಸರೇ ಹೊರಗಿನವರಿಗೆ ಹೆಚ್ಚು ಗೊತ್ತು ಎಂಬುದು ನನಗೆ ನೋವಿನ ಮಾತು.

ಪೋಪ್ ಹನ್ನೊಂದನೇ ಭಕ್ತಿನಾಥರು (ಪಿಯುಸ್) ಕ್ರಿಸ್ತರಾಜರ ಹಬ್ಬವನ್ನು ಸ್ಥಾಪಿಸಿದ್ದು 1925ರಲ್ಲಿ, ವಿಶ್ವಪತ್ರದ ದಿನಾಂಕ ಡಿಸೆಂಬರ್ 11. ಮುಧೋಳದ ಗಲ್ಲಿನ ದಿನವೂ ಅದೇ. ಇದು ಬರೀ ಕಾಕತಾಳೀಯ, ಆದರೂ ಆ ತಾರೀಖು ಬಂದಾಗ ಆ 13 ಮಂದಿಯನ್ನು ನೆನೆಯದಿರಲು ನನಗಾಗುವುದಿಲ್ಲ. ಆಗ ಯುರೋಪಿನಲ್ಲಿ ಮಹಾಯುದ್ಧದ ಬಳಿಕ ದೊಡ್ಡ ದೊಡ್ಡ ಸಿಂಹಾಸನಗಳು ಉರುಳಿಬಿದ್ದಿದ್ದವು. ನಮ್ಮ ಕಡೆಯ ಗಾದಿಗಳಿಗೆ ಇನ್ನೂ 23 ವರ್ಷ ಆಯುಷ್ಯವಿತ್ತು.

ಸ್ವಾತಂತ್ರ್ಯ ಬಂದಾಗ ಸಾಂಗಲಿ, ಮಿರಜ, ರಾಮದುರ್ಗ ಮುಂತಾದ ಸಂಸ್ಥಾನಗಳು ಸೇರಿ ದಖ್ಖನ್ ಒಕ್ಕೂಟವೊಂದನ್ನು ಕಟ್ಟಲು ಹೊರಟವು. ಜಮಖಂಡಿಯ ಶಂಕರರಾವ್ ಪಟವರ್ಧನರು ಅದರಲ್ಲಿ ಸೇರದೆ ವಿಲೀನದ ದಾರಿ ಹಿಡಿದರು. ಆಗ ಸಂಸ್ಥಾನದ ಮಂತ್ರಿಮಂಡಲವನ್ನು ನಡೆಸುತ್ತಿದ್ದವರು ಸಾವಳಗಿಯಲ್ಲಿ ಹುಟ್ಟಿದ ವಕೀಲ ಬಿ.ಡಿ. ಜತ್ತಿ; ಮುಂದೆ 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾದವರೂ ಅವರೇ. 1948ರ ಮಾರ್ಚ್ 8ರಂದು ಜಮಖಂಡಿ, ಮುಧೋಳ, ಸಾಂಗಲಿ ಮೂರೂ ಮುಂಬಯಿ ಪ್ರಾಂತದಲ್ಲಿ ಲೀನವಾದವು. ಅಂದಿನಿಂದ ರಬಕವಿಯ ನೇಕಾರ ಬನಹಟ್ಟಿಗೆ ಹೋಗಲು ಯಾವ ಸಂಸ್ಥಾನವನ್ನೂ ದಾಟಬೇಕಾಗಲಿಲ್ಲ.