ಎರಡನೇ ಬಾಯಿ ಎಲ್ಲಿದೆ?

ವಿಜಯಪುರ ಅಂದ ತಕ್ಷಣ ಎಲ್ಲರ ಕಣ್ಣೂ ಮೇಲಕ್ಕೆ ಹೋಗುತ್ತೆ. ಗೋಳಗುಮ್ಮಟ, ಅದರ ಪಿಸುಮಾತಿನ ಗ್ಯಾಲರಿ, ಇಬ್ರಾಹಿಂ ರೋಜಾದ ಮಿನಾರುಗಳು. ಇವತ್ತು ಸ್ವಲ್ಪ ಕೆಳಗೆ ನೋಡೋಣ. ನೆಲದ ಕೆಳಗೆ. ಯಾಕಂದ್ರೆ ಈ ಊರನ್ನು ಬದುಕಿಸಿದ್ದು ಗುಮ್ಮಟ ಅಲ್ಲ, ಸುರಂಗ.

ನಗರದಿಂದ ಪಶ್ಚಿಮಕ್ಕೆ ತಿಕೋಟಾ ರಸ್ತೆ ಹಿಡಿದರೆ ತೊರವಿ ಸಿಗುತ್ತೆ. ಕುಮಾರ ವಾಲ್ಮೀಕಿ ರಾಮಾಯಣ ಬರೆದ ತೊರವಿ. ಅಲ್ಲೇ ಸುರಂಗ ಬಾವಡಿ ಇದೆ. ಆದಿಲ್ ಶಾಹಿಗಳ ಕಾಲದಲ್ಲಿ, ಅಂದರೆ ಹದಿನಾರನೇ ಶತಮಾನದ ಉತ್ತರಾರ್ಧದಲ್ಲಿ ಶುರುವಾದ ವ್ಯವಸ್ಥೆ ಇದು ಅಂತ ಹೇಳ್ತಾರೆ. ಒಂದು ದೊಡ್ಡ ನದಿ ಇಲ್ಲ, ಮಳೆ ನಂಬೋ ಹಾಗಿಲ್ಲ, ಆದರೂ ರಾಜಧಾನಿ ಬೆಳೀತಾ ಇದೆ. ಆಗ ಬಂದಿದ್ದು ಪರ್ಷಿಯಾದ ಕರೇಜ್ ತಂತ್ರ. ಪಂಪ್ ಇಲ್ಲ, ಕರೆಂಟ್ ಇಲ್ಲ. ನೆಲದೊಳಗೆ ಸಣ್ಣ ಇಳಿಜಾರಿನ ಸುರಂಗ ಕೊರೆದು ನೀರನ್ನು ಅದರ ಪಾಡಿಗೆ ಹರಿಯಲು ಬಿಡೋದು. ಊರೊಳಗೆ ಮಣ್ಣಿನ ಕೊಳವೆಗಳಲ್ಲಿ ನೀರು ಹೋಗುವಾಗ ಒತ್ತಡ ಹೆಚ್ಚಾಗಿ ಕೊಳವೆ ಒಡೆಯಬಾರದು ಅಂತ ಅಲ್ಲಲ್ಲಿ ಕಲ್ಲಿನ ಗೋಪುರ ಕಟ್ಟಿದರು. ಜನ ಅದಕ್ಕೆ ಗಂಜ್ ಅಂತಾರೆ. ಕೆಲವು ಇವತ್ತಿಗೂ ನಿಂತಿವೆ.

ಈಗ ಒಂದು ಪ್ರಶ್ನೆ. ಆ ಸುರಂಗ ಕೊರೆದವರು ಉಸಿರಾಡಿದ್ದು ಹೇಗೆ?

ಉತ್ತರ ತೊರವಿಯ ನೆಲದ ಮೇಲೇ ಇದೆ. ಸುರಂಗ ಹೋದ ದಾರಿಯುದ್ದಕ್ಕೂ ಮೇಲಿನಿಂದ ನೇರವಾಗಿ ಇಳಿಯುವ ಬಾವಿಗಳಿವೆ. ನೋಡಿದವರು ನೀರು ಸೇದೋಕೆ ಮಾಡಿದ್ದು ಅಂದ್ಕೋತಾರೆ. ಸೇದಿರಬಹುದು. ಆದರೆ ಕರೇಜ್ ಕಟ್ಟುವಾಗ ಅವು ಮೊದಲು ಮಾಡ್ತಿದ್ದ ಕೆಲಸವೇ ಬೇರೆ. ಅಗೆದ ಮಣ್ಣು ಮೇಲೆ ಬರೋದು ಅಲ್ಲಿಂದ, ಗಾಳಿ ಒಳಗೆ ಹೋಗೋದು ಅಲ್ಲಿಂದ, ಮುಂದೆ ಮಣ್ಣು ಕುಸಿದರೆ ಒಳಗಿದ್ದವನು ಹಿಂದಿನ ಬಾವಿಯಿಂದ ಹೊರಬರೋದೂ ಅಲ್ಲಿಂದ. ಒಂದೇ ಬಾಯಿಯ ಸುರಂಗವನ್ನು ಅವರು ಕೊರೀತಾನೇ ಇರಲಿಲ್ಲ.

ಇದೇನು ದೊಡ್ಡ ದಯೆಯಿಂದ ಮಾಡಿದ್ದಲ್ಲ. ಪರ್ಷಿಯಾದಲ್ಲಿ ಈ ಕೆಲಸ ಮಾಡುವವರು ಕರೇಜನ್ನು 'ಕೊಲೆಗಾರ' ಅಂತಲೇ ಕರೀತಿದ್ದರಂತೆ. ಅಷ್ಟು ಜನ ಸತ್ತ ಮೇಲೆ ಕಲಿತ ವಿದ್ಯೆ ಅದು. ಎಣ್ಣೆ ದೀಪ ಹಿಡಿದು ಒಳಗೆ ಹೋಗೋರು. ದೀಪ ಮಂಕಾದರೆ ಗಾಳಿ ಕೆಟ್ಟಿದೆ ಅಂತ ಅರ್ಥ, ವಾಪಸ್ ಬರಬೇಕು. ಮಣ್ಣು ಸಡಿಲ ಇದ್ದ ಕಡೆ ಸುಟ್ಟ ಮಣ್ಣಿನ ಬಳೆ ಕೂರಿಸಿ ಮುಂದೆ ಹೋಗೋರು. ನಮ್ಮ ತೊರವಿಯಲ್ಲಿ ಎಷ್ಟು ಜನ ದುಡಿದರು, ಎಷ್ಟು ಜನ ಮೇಲೆ ಬರಲಿಲ್ಲ? ಸುಲ್ತಾನರ ಹೆಸರು ಶಾಸನದಲ್ಲಿದೆ. ಅಗೆದವರದು ಎಲ್ಲಿದೆ?

ದೀಪದ ಮಾತು ಬಂತಲ್ಲ, ಅದಕ್ಕೆ ಪರ್ಷಿಯಾಕ್ಕೇ ಹೋಗಬೇಕಾಗಿಲ್ಲ. ನಮ್ಮ ಹಗೇವು ಇತ್ತಲ್ಲ! ಜೋಳ ತುಂಬಿಡುವ ನೆಲದೊಳಗಿನ ಕಣಜ. ತಿಂಗಳುಗಟ್ಟಲೆ ಮುಚ್ಚಿದ ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳೀತಿರಲಿಲ್ಲ. ಹಿರಿಯರು ಬೈತಿದ್ದರು. ಸ್ವಲ್ಪ ಹೊತ್ತು ಬಿಡು, ಬಿಸಿ ಹೋಗಲಿ, ಕಂದೀಲು ಇಳಿಸಿ ನೋಡು. ಕಾಳು ಉಸಿರಾಡಿ ಒಳಗಿನ ಆಮ್ಲಜನಕ ತಿಂದು ಹಾಕಿರುತ್ತೆ, ಇಂಗಾಲದ ಡೈಆಕ್ಸೈಡ್ ತಳದಲ್ಲಿ ಕೂತಿರುತ್ತೆ ಅಂತ ಅವರಿಗೆ ಯಾರೂ ಪಾಠ ಹೇಳಿರಲಿಲ್ಲ. ಹಾಗಂತ ಇವತ್ತು ಮ್ಯಾನ್‌ಹೋಲಿಗೆ ಕಂದೀಲು ಇಳಿಸಬೇಡಿ ಮತ್ತೆ! ಅಲ್ಲಿ ಮೀಥೇನ್ ಇದ್ದರೆ ಹೊತ್ತಿಕೊಳ್ಳುತ್ತೆ. ಹೈಡ್ರೋಜನ್ ಸಲ್ಫೈಡ್ ಇದ್ದರೆ ದೀಪ ಉರೀತಾನೇ ಇರುತ್ತೆ, ಮನುಷ್ಯ ಬಿದ್ದಿರ್ತಾನೆ. ಅದಕ್ಕೆ ಗಾಳಿ ಅಳೆಯುವ ಮೀಟರ್ ಇದೆ. ಸುರಕ್ಷತಾ ಸಾಧನಗಳಿಲ್ಲದೆ ಚರಂಡಿಗೆ ಮನುಷ್ಯನನ್ನು ಇಳಿಸಬಾರದು ಅಂತ 2013ರ ಕಾಯ್ದೆಯಿದೆ. ಸತ್ತರೆ 30 ಲಕ್ಷ ರೂಪಾಯಿ ಪರಿಹಾರ ಅಂತ 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಹಗ್ಗ ಕಟ್ಟಿ ಇಳಿಸೋದು ನಿಂತಿಲ್ಲ.

ಇನ್ನು 2024ರ ಏಪ್ರಿಲ್ 3ಕ್ಕೆ ಬನ್ನಿ. ಇಂಡಿ ತಾಲ್ಲೂಕಿನ ಲಚ್ಯಾಣ. ಎರಡು ವರ್ಷವೂ ತುಂಬದ ಕೂಸು ತೆರೆದ ಕೊಳವೆಬಾವಿಗೆ ಬಿತ್ತು. ಹೆಚ್ಚೂಕಡಿಮೆ 16 ಅಡಿ ಆಳದಲ್ಲಿ ತಲೆಕೆಳಗಾಗಿ ಸಿಕ್ಕಿಕೊಂಡಿತ್ತು. ರಾಜ್ಯವೇ ರಾತ್ರಿಯಿಡೀ ಟಿವಿ ಮುಂದೆ ಕೂತಿತ್ತು. ಸುಮಾರು 20 ಗಂಟೆ ಆದ ಮೇಲೆ ಮಗು ಜೀವಂತ ಹೊರಬಂತು. ಎಲ್ಲರೂ ಪವಾಡ ಅಂದರು. ನಾನು ಇನ್ನೊಂದು ಮಾತು ಹೇಳ್ತೀನಿ. ಆ ರಾತ್ರಿ ಅಲ್ಲಿ ಏನು ಮಾಡಿದರು? ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡಿದರು, ಅದರ ತಳದಿಂದ ಮಗುವಿನ ಕಡೆಗೆ ಅಡ್ಡ ಸುರಂಗ ಕೊರೆದರು. ಬಂಡೆ ಸಿಕ್ಕಿತು, ಒಡೆದರು. ಕೊಳವೆಯಲ್ಲಿ ಆಮ್ಲಜನಕ ಬಿಟ್ಟರು. ನಿಂತ ಬಾವಿ, ಮಲಗಿದ ಸುರಂಗ, ಗಾಳಿಗೆ ದಾರಿ. ತೊರವಿಯಲ್ಲಿ ಮೊದಲೇ ಮಾಡಿಟ್ಟಿದ್ದನ್ನು ಲಚ್ಯಾಣದಲ್ಲಿ ಕೊನೇ ಗಳಿಗೆಯಲ್ಲಿ ಮಾಡಿದರು!

ಎಲ್ಲ ಸಲ ಹಾಗೆ ಆಗೋದಿಲ್ಲ. ಇದೇ ಜಿಲ್ಲೆಯ ನಾಗಠಾಣದಲ್ಲಿ 2014ರ ಜೂನ್‌ನಲ್ಲಿ ನಾಲ್ಕು ವರ್ಷದ ಹುಡುಗಿ ಬಿದ್ದಳು, ಉಳಿಯಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಬಾಗಲಕೋಟೆಯ ಸೂಳಿಕೇರಿ. 2017ರಲ್ಲಿ ಅಥಣಿಯ ಝುಂಜರವಾಡ. ಆ ಮಕ್ಕಳೂ ಉಳಿಯಲಿಲ್ಲ.

ದೊಡ್ಡ ಕಾಮಗಾರಿಯಲ್ಲಾದರೂ ಪಾಠ ಕಲಿತಿದ್ದೇವಾ? ಉತ್ತರಾಖಂಡದ ಸಿಲ್ಕ್ಯಾರಾ ನೆನಪಿದೆಯಲ್ಲ. 2023ರ ನವೆಂಬರ್ 12ರಂದು ಸುರಂಗ ಕುಸಿದು 41 ಕಾರ್ಮಿಕರು 17 ದಿನ ಒಳಗೇ ಇದ್ದರು. 2018ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಗ ಆ ಸುರಂಗಕ್ಕೆ ಪಾರಾಗುವ ದಾರಿಯೂ ಸೇರಿತ್ತು. ಕಾಗದದಲ್ಲಿ ಸೇರಿತ್ತು. ಕುಸಿದ ದಿನ ಅವರಿಗೆ ಆ ದಾರಿ ಇರಲಿಲ್ಲ. ಕೊನೆಗೆ ಕೈಯಲ್ಲಿ ಬಿಲ ಕೊರೆಯುವ ಬಡ ಕಾರ್ಮಿಕರು ಬಂದು ಹೊರತಂದರು.

ಸಿಲ್ಕ್ಯಾರಾ ದೂರ ಇದೆ ಅನ್ನಬೇಡಿ. ತಿಕೋಟಾ, ಬಬಲೇಶ್ವರದ ಕಡೆ ಒಮ್ಮೆ ಸುತ್ತಿ ಬನ್ನಿ. ಮುಳವಾಡ, ತುಬಚಿ-ಬಬಲೇಶ್ವರ ಏತ ನೀರಾವರಿ ಬಂದು ಕೃಷ್ಣೆಯ ನೀರು ಕೆರೆಗಳಿಗೆ ಹರಿದಿದೆ. ಸಂತೋಷದ ಸಂಗತಿ. ಆದರೆ ನೀರಿನ ಕೆಲಸ ಅಂದರೇನೇ ನೆಲ ಅಗೆಯೋದು. ಕಾಲುವೆ, ಪೈಪಿನ ಕಂದಕ, ಊರೊಳಗಿನ ಚರಂಡಿ. ಇಲ್ಲಿನ ಎರೆ ಮಣ್ಣಿನ ಗುಣ ರೈತನಿಗೆ ಗೊತ್ತು. ಬೇಸಿಗೆಯಲ್ಲಿ ಬಿರುಕು, ಒಂದು ಮಳೆಗೆ ಕೆಸರು. ಅಂಥ ಕಂದಕದ ಗೋಡೆಗೆ ಆಸರೆ ಕೊಡದೆ ಆಳನ್ನು ಇಳಿಸಿದರೆ? ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ ಮೀರುತ್ತೆ. ಎದೆವರೆಗೆ ಕುಸಿದರೂ ಸಾಕು, ಉಸಿರು ಎಳೆಯೋಕಾಗಲ್ಲ.

ಕೇಂದ್ರ ಲೋಕೋಪಯೋಗಿ ಇಲಾಖೆಯ ಸುರಕ್ಷತಾ ಸಂಹಿತೆ ತೆಗೆದು ನೋಡಿ. ನಾಲ್ಕು ಅಡಿ ಮೀರಿದ ಕಂದಕದಲ್ಲಿ ಪ್ರತಿ 100 ಅಡಿಗೆ ಒಂದು ಏಣಿ ಇರಲೇಬೇಕು. ಏಣಿ ನೆಲಕ್ಕಿಂತ ಮೂರು ಅಡಿ ಮೇಲೆ ಬರಬೇಕು. ಅಗೆದ ಮಣ್ಣನ್ನು ಅಂಚಿನಿಂದ ಐದು ಅಡಿ, ಇಲ್ಲವೇ ಕಂದಕದ ಅರ್ಧ ಆಳ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದೂರ ಹಾಕಬೇಕು. ಪ್ರತಿ 100 ಅಡಿಗೆ ಒಂದು ಏಣಿ ಅಂದರೆ ಏನು ಸ್ವಾಮಿ? ಕರೇಜಿನ ಬಾವಿಯೇ ಅಲ್ವಾ? ನಿಮ್ಮ ಬೀದಿಯಲ್ಲಿ ಅಗೆದಾಗ ಏಣಿ ಕಂಡಿದ್ದೀರಾ? ನನಗೆ ಕಾಣೋದು ಅಂಚಿಗೇ ಸುರಿದ ಮಣ್ಣಿನ ಗುಡ್ಡೆ, ಅದರ ಪಕ್ಕದಲ್ಲಿ ಗುರುಗುಟ್ಟುವ ಜೆಸಿಬಿ.

ಕೊಳವೆಬಾವಿಗೂ ಆದೇಶವಿದೆ. 2010ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟಿದ್ದು. ಕೊರೆಯುವ 15 ದಿನ ಮೊದಲು ಅಧಿಕಾರಿಗಳಿಗೆ ತಿಳಿಸಬೇಕು. ಕೊರೆಯುವಾಗ ಸುತ್ತ ಮುಳ್ಳುತಂತಿ ಬೇಲಿ, ಫಲಕ. ಕೇಸಿಂಗ್ ಪೈಪಿನ ಸುತ್ತ ಸಿಮೆಂಟ್ ಕಟ್ಟೆ. ಪೈಪಿನ ಬಾಯಿಗೆ ಉಕ್ಕಿನ ತಟ್ಟೆ ಬೆಸೆಯಬೇಕು ಇಲ್ಲವೇ ಗಟ್ಟಿ ಮುಚ್ಚಳ ಹಾಕಬೇಕು. ಫೇಲಾದ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲಿನಿಂದ ತುಂಬಬೇಕು. ಲಚ್ಯಾಣದ ಬಳಿಕ 2024ರಲ್ಲೇ ನಮ್ಮ ವಿಧಾನಮಂಡಲವೂ ಅಂತರ್ಜಲ ಕಾಯ್ದೆಗೆ ತಿದ್ದುಪಡಿ ತಂದು, ಮುಚ್ಚದೆ ಬಿಟ್ಟವರಿಗೆ ಜೈಲು, ದಂಡ ಅಂತ ಬರೆಯಿತು.

ಮುಚ್ಚಳ ಹಾಕಿದ ಬಾವಿ ಬ್ರೇಕಿಂಗ್ ನ್ಯೂಸ್ ಆಗೋದಿಲ್ಲ, ಅದೇ ಅದರ ಕಷ್ಟ. ಯಾವ ಮಗು ಬೀಳಲಿಲ್ಲ ಅಂತ ಯಾರೂ ಲೈವ್ ತೋರಿಸೋದಿಲ್ಲ. ಆದರೆ ಆ 2010ರ ಆದೇಶದಲ್ಲಿ ಇನ್ನೊಂದು ಸಾಲಿದೆ, ಯಾರೂ ಓದದ ಸಾಲು. ಕೊರೆದ ಬಾವಿ ಎಷ್ಟು, ಬಳಕೆಯಲ್ಲಿ ಎಷ್ಟು, ಕೈಬಿಟ್ಟಿದ್ದು ಎಷ್ಟು, ಅದರಲ್ಲಿ ತುಂಬಿ ಮುಚ್ಚಿದ್ದು ಎಷ್ಟು, ಈ ಲೆಕ್ಕ ಜಿಲ್ಲಾ ಮಟ್ಟದಲ್ಲಿ ಇರಬೇಕು. ಹಳ್ಳಿಯಲ್ಲಿ ನಿಗಾ ಇಡಬೇಕಾದವರು ಪಂಚಾಯ್ತಿ ಮುಖ್ಯಸ್ಥರು ಮತ್ತು ಕೃಷಿ ಇಲಾಖೆಯವರು. ನಾಳೆ ಬೆಳಿಗ್ಗೆ ನಿಮ್ಮ ಪಂಚಾಯ್ತಿಗೆ ಹೋಗಿ, ನಮ್ಮೂರಿನ ಆ ಲೆಕ್ಕ ತೋರಿಸ್ರೀ ಅಂತ ಕೇಳಿ.