ಬಂಡಿ ಬೇಡದ ದೋಣಿ

ಗಂಗಾವತಿ ತಾಲ್ಲೂಕಿನ ಆನೆಗೊಂದಿಯಲ್ಲಿ ಹರಿಗೋಲು ಇಷ್ಟು ಕಾಲ ಬಾಳಿದ್ದು ಬಡತನದಿಂದಲ್ಲ, ಹೊಳೆಯ ಗುಣದಿಂದ ಎನ್ನಬೇಕು. ಸುಮಾರು 1520ರಲ್ಲಿ ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ಹೆಣೆದು ಹೊರಗೆ ಚರ್ಮ ಹೊದಿಸಿದ ದುಂಡು ದೋಣಿಗಳಲ್ಲಿ 15–20 ಜನ ಹೊಳೆ ದಾಟುತ್ತಿದ್ದರೆಂದೂ, ಹುಟ್ಟು ಹಾಕಿದಷ್ಟೂ ಅವು ತಿರುಗುತ್ತಲೇ ಇದ್ದವೆಂದೂ ಬರೆದಿದ್ದಾನೆ. ಅಂಥ ರಾಜಧಾನಿಗೆ ಒಳ್ಳೆಯ ಮರದ ದೋಣಿ ಮಾಡಿಸುವ ಶಕ್ತಿ ಇರಲಿಲ್ಲವೇ ಎಂದು ಕೇಳಬಹುದು. ಶಕ್ತಿ ಧಾರಾಳವಾಗಿತ್ತು, ಆದರೆ ಇಲ್ಲಿ ತುಂಗಭದ್ರೆಯ ಒಡಲ ತುಂಬ ಬಂಡೆ. ಉದ್ದ ದೋಣಿ ತಳ ಬಡಿದುಕೊಳ್ಳುವ ಕಡೆ, ಚಪ್ಪಟೆ ತಳದ ಹರಿಗೋಲು ಮೊಣಕಾಲುದ್ದ ನೀರಲ್ಲೂ ತೇಲುತ್ತದೆ. ನೀರಿಳಿದು ಕಡವು ಜರುಗಿದರೆ ಸಾಗಿಸಲು ಬಂಡಿ ಬೇಡ: ಸಣ್ಣ ಹರಿಗೋಲಾದರೆ ಅಂಬಿಗ ಬೋರಲು ಮಾಡಿ ತಲೆ ಮೇಲೆ ಹೊತ್ತು ನಡೆಯುತ್ತಾನೆ. ತಿರುಗುವುದು ದೋಷವೇ, ಒಪ್ಪೋಣ. ಈ ಅನುಕೂಲಕ್ಕೆ ತೆತ್ತ ಬೆಲೆ ಅದು. ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಬಿದಿರಿನ ಹೆಣಿಗೆ ಉಳಿದಿದೆ.